ಕೇಕಿನ ಮೊಲಕ್ಕೆ ಕಣ್ಣಿಟ್ಟವರು

ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರು ತೀರಿಕೊಂಡರೆಂದು ಕೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಹಿಂದಿ ಟೀಚರು ಬಂದು ಪಕ್ಕದಲ್ಲಿ ಕುಳಿತು ಹೇಳಿದರು.

"ನಿನ್ನಿ ಸಂಜಿಮುಂದ ಹೋದ್ರಂತ್ರಿ. ಊಟಾ ಮಾಡಿ, ಕೈ ತೊಳಕೊಂಡು, ಕುರ್ಚಿ ಮ್ಯಾಲ ಕುಂತವರು ಮತ್ತ ಏಳಲೇ ಇಲ್ಲಂತ."

ಊಟ ಮಾಡಿದ್ದರು ಎಂದರೆ ಇನ್ನೂ ಹೊತ್ತು ಮುಳುಗಿರಲಿಲ್ಲ. ಅವರು ಜೈನರು, ಹೊತ್ತು ಮುಳುಗಿದ ಮೇಲೆ ಒಂದು ತುತ್ತನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಇಡೀ ಸೇವೆಯಲ್ಲಿ ಯಾವ ಕೆಲಸವನ್ನೂ ವೇಳೆಗೆ ಮುಗಿಸದ ಮನುಷ್ಯ ಅದೊಂದು ಊಟಕ್ಕೆ ಮಾತ್ರ ಯಾವತ್ತೂ ತಡ ಮಾಡಲಿಲ್ಲ. ನನ್ನ ವಿಜ್ಞಾನದ ಕೋಣೆಗೆ ಬರೆದುಕೊಡುತ್ತೇನೆಂದು ಒಯ್ದಿದ್ದ ಕಿವಿಯ ನಕ್ಷೆ ಮಳೆಗಾಲದಿಂದ ಅವರ ಹತ್ತಿರವೇ ಇತ್ತು. ಕೇಳಿದಾಗಲೆಲ್ಲ "ಆತ್ರಿ ಟೀಚರ, ಒಳಗಿನ ಸುರುಳಿ ಅಷ್ಟ ಉಳದೈತಿ" ಅನ್ನುತ್ತಿದ್ದರು. ಇದನ್ನು ಬರೆಯುವಾಗಲೂ ಆ ಸಿಟ್ಟು ಪೂರ್ತಿ ಇಳಿದಿಲ್ಲ. ಅದಕ್ಕೇ ಅವಸರ ಮಾಡದೆ, ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಸಣ್ಣ ಆಳು. ಬಿಳಿ ಅಂಗಿ. ಬಲಗೈಯ ತೋರುಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ನೀಲಿ. ಏನಾದರೂ ಕೇಳಿದರೆ ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಏರಿಸಿಕೊಂಡು ಆಮೇಲೆ "ಹೂಂ" ಅನ್ನುತ್ತಿದ್ದರು. ಆ ಹೂಂ ಒಪ್ಪಿಗೆಯೋ ಬರೀ ಕೇಳಿಸಿಕೊಂಡದ್ದರ ಗುರುತೋ ತಿಳಿಯಲು ಇನ್ನೊಮ್ಮೆ ಕೇಳಬೇಕು. ಆಗ ಕನ್ನಡಕ ಮತ್ತೆ ಕೆಳಗಿಳಿಯುತ್ತಿತ್ತು.

ಕರಿಹಲಗೆಯ ಮೇಲೆ ಅವರು ಬರಿಗೈಯಿಂದ ಎಳೆದ ಗೆರೆ ನೆಟ್ಟಗೆ ಬರುತ್ತಿತ್ತು. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಎಳೆದ ಮೇಲೆ ಅದಕ್ಕೆ ಅಳತೆಪಟ್ಟಿ ಹಚ್ಚಿ ನೋಡುವರು. ಕೂದಲೆಳೆಯಷ್ಟು ಹೆಚ್ಚುಕಡಿಮೆ ಕಂಡರೆ ಅಳಿಸಿ ಮತ್ತೆ ಎಳೆಯುವರು. ಚಿತ್ರದ ಚೌಕಟ್ಟು ಮುಗಿಯುವುದರೊಳಗೆ ಗಂಟೆ ಹೊಡೆಯುತ್ತಿತ್ತು. ನಮ್ಮ ಹುಡುಗರು ವರ್ಷವಿಡೀ ಚೌಕಟ್ಟು ಬರೆದೇ ಪಾಸಾಗುತ್ತಿದ್ದರು. ಹೆಡ್‌ಮಾಸ್ತರರು ಕರೆದು ಕೇಳಿದರೆ ಅವರ ಉತ್ತರ ಒಂದೇ: "ಗಡಿಬಿಡಿ ಮಾಡಿದ್ರ ಗೆರಿ ಅಂಜತೈತ್ರಿ ಸರ್."

ಒಂದು ವರ್ಷ ಶಾಲೆಯ ಗ್ಯಾದರಿಂಗಿನಲ್ಲಿ ಪರದೆ ಸರಿದಾಗ ಮಾಸ್ತರರು ಜನರಿಗೆ ಬೆನ್ನು ಮಾಡಿ, ಸ್ಟೂಲಿನ ಮೇಲೆ ನಿಂತು, ಹಿಂದಿನ ಪರದೆಯ ಮರಕ್ಕೆ ಎಲೆ ಬರೆಯುತ್ತಿದ್ದರು. ಜನ ಇದೂ ಒಂದು ಕಾರ್ಯಕ್ರಮವೆಂದು ಚಪ್ಪಾಳೆ ತಟ್ಟಿದರು. ಮುಖ್ಯ ಅತಿಥಿಗಳು ದೀಪ ಹಚ್ಚಲು ಮೇಣದಬತ್ತಿ ಹಿಡಿದು ನಿಂತಿದ್ದರು. ಮಾಸ್ತರರು ತಿರುಗಿ ನೋಡಿ, "ಆತ್ರಿ, ಆತು. ಇನ್ನೊಂದ ಎಲಿ" ಎಂದು ಮತ್ತೆ ಮರದ ಕಡೆ ತಿರುಗಿದರು.

ಇಂಥವರ ಕೈಗೆ ನಾನು ನನ್ನ ಮಗಳ ಹುಟ್ಟುಹಬ್ಬದ ಕೇಕನ್ನು ಒಪ್ಪಿಸಿದೆ.

ಆ ವರ್ಷ ನಾವು ಖಾನಾಪುರದಿಂದ ಬೆಳಗಾವಿಯ ಮಹಾಂತೇಶ ನಗರಕ್ಕೆ ಮನೆ ಬದಲಿಸಿದ್ದೆವು. ನಾನು ಮಾತ್ರ ದಿನಾ ಬಸ್ಸು ಹಿಡಿದು ಅದೇ ಶಾಲೆಗೆ ಹೋಗಿಬರುತ್ತಿದ್ದೆ. ಮಗಳಿಗೆ ಏಳು ತುಂಬುವುದರಲ್ಲಿತ್ತು. ಹೊಸ ಓಣಿಯಲ್ಲಿ ಅವಳಿಗೆ ಒಬ್ಬ ಗೆಳತಿಯೂ ಆಗಿರಲಿಲ್ಲ. ಅರ್ಧ ಕನ್ನಡ, ಅರ್ಧ ಮರಾಠಿಯ ಅವಳ ಖಾನಾಪುರದ ಮಾತನ್ನು ಓಣಿಯ ಮಕ್ಕಳು ಅಣಕಿಸುತ್ತಿದ್ದರು. ಸಂಜೆ ಅವಳು ಗೇಟಿನ ಸರಳು ಹಿಡಿದು ಒಳಗೇ ನಿಂತು ಅವರ ಆಟ ನೋಡುತ್ತಿದ್ದಳು. ಒಂದು ದಿನ ಅಡುಗೆಮನೆಗೆ ಬಂದು ಒಂದೇ ಉಸಿರಿಗೆ ಹೇಳಿದಳು.

"ಅವ್ವಾ, ನಾ ಎಲ್ಲಾರಿಗೂ ಹುಟ್ಟಹಬ್ಬಕ್ಕ ಬರ್ರಿ ಅಂತ ಹೇಳೇನಿ. ನಮ್ಮ ಮನ್ಯಾಗ ಮೊಲದ ಕೇಕ್ ಮಾಡ್ತಾರ, ಖರೇ ಮೊಲಾನ ಕುಂತಂಗ ಇರ್ತೈತಿ ಅಂತ ಹೇಳೇನಿ."

"ಯಾರು ಮಾಡ್ತಾರ?"

"ನೀ."

"ಕ್ಯಾಂಪಿನ ಬೇಕರಿಯಿಂದ ತರೂಣು."

"ಬ್ಯಾಡ! ಮನ್ಯಾಗ ಮಾಡ್ತೀವಿ ಅಂತ ಹೇಳೇನಿ. ಹಂಗ ಇರಲಿಲ್ಲಂದ್ರ ಜನ್ಮದ ಟೂ ಅಂದಾಳ ಆ ದೊಡ್ಡ ಹುಡುಗಿ. ಎಲ್ಲಾರೂ ಟೂ ಬಿಡ್ತಾರ, ಮಾತ ಆಡೂದಿಲ್ಲ."

ನಾನು ಅಲ್ಲಿಯವರೆಗೆ ಕೇಕು ಮಾಡಿದವಳಲ್ಲ. ಸ್ಟಾಫ್ ರೂಮಿನಲ್ಲಿ ಈ ಗೋಳು ಹೇಳಿಕೊಂಡೆ. ಮೂಲೆಯಲ್ಲಿದ್ದ ಡ್ರಾಯಿಂಗ್ ಮಾಸ್ತರರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ಹೂಂ. ಹಿಟ್ಟು ನೀವು ಬೇಸಿ ಕೊಡ್ರಿ ಟೀಚರ. ಮೊಲಾ ನಾ ಮಾಡತೇನಿ."

"ಮಾಡಸ್ರಿ, ಮಾಡಸ್ರಿ" ಎಂದರು ಹೆಡ್‌ಮಾಸ್ತರರು, "ಮುಂದಿನ ವರ್ಷದ ಹುಟ್ಟಹಬ್ಬಕ್ಕಂತೂ ತಯಾರಾಗತೈತಿ." ಎಲ್ಲರೂ ನಕ್ಕರು. ಮಾಸ್ತರರು ನಗಲಿಲ್ಲ. ಮೊಲ ಕುಳಿತಿರಬೇಕೋ ಮಲಗಿರಬೇಕೋ ಎಂದು ನನ್ನನ್ನು ಕೇಳಿದರು.

ಹುಟ್ಟಿದ ದಿನ ಭಾನುವಾರ ಬಿದ್ದಿತ್ತು. ಶನಿವಾರ ಶಾಲೆಯಿಂದ ಬಂದು ಮೊದಲ ಪ್ರಯತ್ನ ಮಾಡಿದೆ. ಕುಕ್ಕರಿನ ತಳದಲ್ಲಿ ಉಸುಕು ಹಾಕಿ, ಸೀಟಿ ತೆಗೆದು, ಒಳಗೆ ಡಬ್ಬಿ ಇಟ್ಟು ಬೇಯಿಸಿದೆ. ತಳ ಕಪ್ಪಾಗಿ, ಮೇಲೆ ಬಿರುಕು ಬಿಟ್ಟು, ನಡುವೆ ಹಸಿ ಹಿಟ್ಟು ಉಳಿದು ಹೊರಬಂತು. ಅತ್ತೆ ಅದನ್ನು ಬೆರಳಿನಿಂದ ಬಡಿದು ನೋಡಿದರು.

"ಅಗಬಾಯಿ! ಕುಳ್ಳ ತಟ್ಟೀಯಲ್ಲ ಬೇ. ಬಚ್ಚಲ ಒಲಿಗೆ ಹಾಕಿದ್ರ ನೀರರೆ ಕಾಯ್ತಾವ."

ಆ ಸಂಜೆ ಮಗಳು ಗೇಟಿನ ಹತ್ತಿರವೂ ಹೋಗಲಿಲ್ಲ.

ಭಾನುವಾರ ಮೊದಲ ಬಸ್ಸಿಗೇ ಖಾನಾಪುರದಿಂದ ಮಾಸ್ತರರು ಬಂದರು. ಚೀಲದಲ್ಲಿ ಕುಂಚಗಳು, ತ್ರಿಕೋನದ ಪಟ್ಟಿ, ಕೈವಾರ, ಮತ್ತು ಕಂದು ಕಾಗದದಲ್ಲಿ ಕತ್ತರಿಸಿದ ಒಂದು ಮೊಲ. ಕಾಗದದ ಮೊಲ ಎಷ್ಟು ಸರಿಯಾಗಿತ್ತೆಂದರೆ ಕೆಟ್ಟ ಕೇಕಿನ ಮೇಲಿನ ನನ್ನ ಸಿಟ್ಟು ಒಂದು ಗಳಿಗೆ ತಣ್ಣಗಾಯಿತು. ಮೊಲ ಸಾಕಿದವರ ಮನೆಗೆ ವಾರವಿಡೀ ಸಂಜೆ ಹೋಗಿ ಕೂತಿದ್ದರಂತೆ. ಆಮೇಲೆ ಅವರು ಕೇಳಲು ಶುರು ಮಾಡಿದರು.

"ಹಿಟ್ಟಿನ್ಯಾಗ ಮೊಟ್ಟಿ ಇಲ್ಲಲ್ರಿ?"

"ಇಲ್ರಿ. ಮೊಸರು ಹಾಕೇನಿ."

"ಜೇನು?"

"ಇಲ್ರಿ ಸರ್. ಹೆಂಗೂ ನೀವು ತಿನ್ನೂದಿಲ್ಲಲ್ಲ?"

"ತಿನ್ನೂದಿಲ್ರಿ. ಕೈ ಹಚ್ಚತೇನಲ್ರಿ."

ಕುಕ್ಕರಿನ ಸಹವಾಸ ಬೇಡವೆಂದು ಹಿಟ್ಟನ್ನು ಬೇಕರಿಯ ಭಟ್ಟಿಗೆ ಕೊಡುವುದೆಂದು ಆಯಿತು. ದೀಪಾವಳಿಗೆ ನಾನ್‌ಖಟಾಯಿ ಹಿಟ್ಟನ್ನು ನಾವೆಲ್ಲ ಹಾಗೆಯೇ ಒಯ್ದು ಸುಡಿಸಿಕೊಂಡು ಬರುತ್ತೇವೆ. ಸೋಡಾ ಹಾಕಿದ ಹಿಟ್ಟು ಹೆಚ್ಚು ಹೊತ್ತು ತಡೆಯುವುದಿಲ್ಲ, ಗಾಳಿ ಹೊರಟುಹೋದರೆ ಕೇಕು ಏಳುವುದಿಲ್ಲ ಎಂದು ವಿಜ್ಞಾನ ಕಲಿಸುವ ನಾನು ಅವರಿಗೆ ಸರಿಯಾಗಿ ತಿಳಿಸಿ ಹೇಳಿದೆ. ಅವರು ಹೂಂ ಅಂದರು. ಆಟೋ ಹತ್ತಲು ಮಾತ್ರ ಒಪ್ಪಲಿಲ್ಲ. ಹಿಟ್ಟು ತುಳುಕಿದರೆ ಒಂದು ಕಡೆ ಏರು, ಒಂದು ಕಡೆ ಇಳಿಜಾರು ಆಗುತ್ತದಂತೆ. ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಎದೆಯ ಮಟ್ಟಕ್ಕೆ, ಒಂದೊಂದೇ ಹೆಜ್ಜೆ ಇಡುತ್ತ ನಡೆದರು. ದಾರಿಯಲ್ಲಿ ನಾಯಿ ಅಡ್ಡ ಬಂದರೆ ಅದು ಹೋಗುವವರೆಗೆ ನಿಂತರು.

ಭಟ್ಟಿಯ ಚಾಚಾ ತಟ್ಟೆಯೊಳಗೆ ಬಗ್ಗಿ ನೋಡಿ, "ಅರೇ ಮಾಸ್ತರ್ ಸಾಬ್, ಇಷ್ಟು ಪ್ಯಾರ್‌ದಿಂದ ಯಾರೂ ಮಗೂನೂ ತರೂದಿಲ್ಲ. ಬೇಕಂದ್ರೆ ಒಳಗೆ ನೀವೇ ಹೋಗಿ ಕುಂದರ್ರಿ" ಎಂದರು. ಕೇಕು ನಾನು ಹೇಳಿದ ಹಾಗೆಯೇ ಏಳಲಿಲ್ಲ. ಆದರೆ ಪೂರ್ತಿ ಬೆಂದಿತ್ತು, ಪಟ್ಟಿ ಇಟ್ಟು ನೋಡಿದರೂ ಎಲ್ಲಿಯೂ ಏರುತಗ್ಗು ಇರಲಿಲ್ಲ. ಮಾಸ್ತರರಿಗೆ ಸಂತೋಷವಾಯಿತು. ನನಗೆ ಅದನ್ನು ಅವರ ತಲೆಯ ಮೇಲೆ ಇಡಬೇಕು ಅನಿಸಿತು.

ಆಮೇಲಿನ ಕೆಲಸ ಮಧ್ಯಾಹ್ನವನ್ನೆಲ್ಲ ನುಂಗಿತು. ಕಾಗದದ ಮೊಲವನ್ನು ಕೇಕಿನ ಮೇಲಿಟ್ಟು ಸುತ್ತಲೂ ಕೊಯ್ದರು. ಉಳಿದ ತುಂಡುಗಳಿಂದ ಬೆನ್ನು ಏರಿಸಿದರು. ನಾನು ಬೆಣ್ಣೆ, ಸಕ್ಕರೆಪುಡಿ ಕಡೆದು ಕ್ರೀಮು ಮಾಡಿ ಕೊಟ್ಟೆ. ಕಿವಿಯೊಳಗಿನ ಗುಲಾಬಿ ಬಣ್ಣಕ್ಕೆ ಬೀಟ್‌ರೂಟಿನ ರಸ ತಂದರೆ "ಇದು ನೆಲದಾಗಿನ ಗಡ್ಡಿ ರೀ, ನಮಗ ನಡೆಯೂದಿಲ್ಲ" ಎಂದು ಬಟ್ಟಲನ್ನು ದೂರ ಸರಿಸಿದರು. ಗುಲಾಬಿ ಶರಬತ್ತು ತಂದುಕೊಟ್ಟೆ. ಮೈಮೇಲೆ ಒಣಕೊಬ್ಬರಿ ತುರಿ ಉದುರಿಸಿದರೆ ಮುಗಿಯುತ್ತಿತ್ತು. ಉದುರಿಸಲು ಬಿಡಲಿಲ್ಲ. ಮಗಳ ಔಷಧದ ಪೆಟ್ಟಿಗೆಯಿಂದ ಚಿಮಟ ಇಸಿದುಕೊಂಡು, ಬಿಸಿನೀರಲ್ಲಿ ತೊಳೆದು, ಒಂದೊಂದೇ ಎಳೆಯನ್ನು ಹಿಡಿದು ಮೂಗಿನಿಂದ ಬಾಲದ ಕಡೆಗೆ ಇಡತೊಡಗಿದರು.

"ಸರ್, ಮಕ್ಕಳು ಬರೂ ಹೊತ್ತಾತ್ರಿ!"

"ಮೊಲದ ಕೂದಲಾ ಹಿಂದಕ್ಕ ಹೋಗತಾವ್ರಿ ಟೀಚರ. ಮುಂದಕ್ಕ ಬಂದ್ರ ಬೆದರಿದಂಗ ಕಾಣತೈತಿ."

ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಮೊಲಾ ಮಾಡಾಕತ್ತಾರೋ, ಮೊಲದ ಗುಡಿ ಕಟ್ಟಾಕತ್ತಾರೋ?" ಎಂದು ಹೋದರು. ಮಗಳು ಮಾತ್ರ ಹೊಸ ಫ್ರಾಕು ಹಾಕಿಕೊಂಡು, ಮೇಜಿನ ಅಂಚಿಗೆ ಗದ್ದ ಊರಿ, ಮಧ್ಯಾಹ್ನವಿಡೀ ಅಲ್ಲಿಂದ ಕದಲಿರಲಿಲ್ಲ.

ಡಿಸೆಂಬರಿನ ಬಿಸಿಲು ಬೇಗ ಇಳಿಯಿತು. ಮಾಸ್ತರರು ಚಿಮಟ ಕೆಳಗಿಟ್ಟರು. ಮೇಜಿನ ಮೇಲೆ ಹಸಿರು ಕ್ರೀಮಿನ ಹುಲ್ಲಿನಲ್ಲಿ ಒಂದು ಬಿಳಿಯ ಮೊಲ ಕುಳಿತಿತ್ತು. ಕಿವಿ ಸ್ವಲ್ಪ ಹಿಂದೆ ಬಾಗಿತ್ತು. ಮೂಗು ಇತ್ತು, ಮೀಸೆ ಇತ್ತು. ಕಣ್ಣಿರುವ ಜಾಗ ಬೋಳಾಗಿತ್ತು. ಅವರು ಕೈ ತೊಳೆದು ಚೀಲ ಕಟ್ಟತೊಡಗಿದರು.

"ಸರ್, ಕಣ್ಣ?" ಎಂದಳು ಮಗಳು.

"ಕಣ್ಣ ಇಡೂದಿಲ್ಲ ತಂಗಿ."

ನಾನು ಒಣದ್ರಾಕ್ಷಿಯ ಬಟ್ಟಲನ್ನು ಅವರ ಮುಂದೆ ಸರಿಸಿದೆ. ಅವರು ಕನ್ನಡಕ ತೆಗೆಯಲಿಲ್ಲ, ಒರೆಸಲಿಲ್ಲ. ನಾನು ಕಂಡಂತೆ ಅವರು ನೇರವಾಗಿ ಉತ್ತರ ಕೊಟ್ಟದ್ದು ಅದೊಂದೇ ಸಲ.

"ಇದನ್ನ ಕೊಯ್ಯಾವರದೀರಲ್ರಿ ಟೀಚರ. ನಮ್ಮ ಮನಿತನದಾಗ ಪ್ರಾಣಿ ಆಕಾರ ಮಾಡಿ ಕೊಯ್ಯೂದಿಲ್ರಿ, ಹಿಟ್ಟಿಂದಾದ್ರೂ ಇಲ್ಲ, ಸಕ್ಕರಿದಾದ್ರೂ ಇಲ್ಲ. ಜೀವಾ ಕೊಯ್ದಂಗ ಅದು. ನಾ ಸಣ್ಣಾಂವಿದ್ದಾಗ ವಡಗಾವಿಯೊಳಗ ಗಣಪತಿ ಮಾಡಾವರ ಕೈಯಾಗ ಕೆಲಸಾ ಕಲತೇನಿ. ಕಣ್ಣ ಇಡೂತನಾ ಅದು ಮಣ್ಣು, ಇಟ್ಟ ಮ್ಯಾಲೆ ಅಲ್ಲ ಅಂತಿದ್ರು ಅವರು. ಅದಕ್ಕ ಕಣ್ಣ ಇಡದಿದ್ರ ಇದೂ ಬರೇ ಹಿಟ್ಟು ಅಂತ ತಿಳಕೊಂಡು ಕೈ ಹಚ್ಚೇನಿ."

"ಇದನ್ನ ಮೊದಲ ಹೇಳಬೇಕಿತ್ತಲ್ರೀ!"

"ನೀವು ಕೇಳಲಿಲ್ಲಲ್ರಿ."

ನನಗೆ ಮೈ ಉರಿಯಿತು. ಒಂದು ಕೊಬ್ಬರಿ ಎಳೆ ಮುಂದಕ್ಕೆ ಬಾಗಿದರೆ ಬೆಚ್ಚುವ ಮನುಷ್ಯ ಒಂದು ಮಗುವಿನ ಕೈಗೆ ಕುರುಡು ಮೊಲ ಕೊಟ್ಟು ಬಸ್ಸಿಗೆ ಹೊರಟಿದ್ದರು. ಆಗಲೇ ಗೇಟಿನ ಸದ್ದಾಯಿತು. ಓಣಿಯ ಮಕ್ಕಳು ಬಂದರು, ಮುಂದೆ ಆ ದೊಡ್ಡ ಹುಡುಗಿ. ನಾನು ಎರಡು ಒಣದ್ರಾಕ್ಷಿ ತೆಗೆದುಕೊಂಡು ಮೊಲದ ಮುಖಕ್ಕೆ ಒತ್ತಿದೆ. ಅವಸರದಲ್ಲಿ ಒಂದು ಮೇಲೆ ಹೋಯಿತು, ಒಂದು ಕೆಳಗೆ ಇಳಿಯಿತು.

ಮಕ್ಕಳು ಮೇಜಿನ ಸುತ್ತ ಮುತ್ತಿದರು. ದೊಡ್ಡ ಹುಡುಗಿ ಬಗ್ಗಿ ನೋಡಿ, "ಅಯ್ಯ, ಮಾಲಗಣ್ಣಿನ ಮೊಲಾ! ಒಂದ ಕಣ್ಣ ಕಾಕತಿ ನೋಡತೈತಿ, ಒಂದ ಕಣ್ಣ ಖಾನಾಪುರ ನೋಡತೈತಿ!" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಮಗಳು ನಗಲಿಲ್ಲ, ಅಳಲೂ ಇಲ್ಲ. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

ಮಾಸ್ತರರು ಹೊಸ್ತಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದರು. ಅವರ ಕಣ್ಣು ಮೊದಲು ಆ ಸೊಟ್ಟ ಒಣದ್ರಾಕ್ಷಿಗಳ ಮೇಲೆ ಹೋಯಿತು, ಆಮೇಲೆ ಮಗಳ ಕೈಯ ಮೇಲೆ. ಬಲಗೈ ಎತ್ತಿದರು, ಇಳಿಸಿದರು. ಮತ್ತೆ ಚಪ್ಪಲಿ ಕಳಚಿ ಒಳಗೆ ಬಂದರು. "ಸರೀರಿ ಮಕ್ಕಳ" ಎಂದು ಬಗ್ಗಿದರು. ಕುಂಚದ ಹಿಂದಿನ ತುದಿಯಿಂದ ಒಂದು ದ್ರಾಕ್ಷಿಯನ್ನು ಕೆಳಗೆ ಸರಿಸಿದರು, ಇನ್ನೊಂದನ್ನು ಚೂರು ತಿರುಗಿಸಿದರು. ಸುತ್ತ ಕೊಬ್ಬರಿಯ ಎಳೆಗಳನ್ನು ರೆಪ್ಪೆಯಾಗಿ ಕೂಡಿಸಿದರು. ಕೊನೆಗೆ ಕುಂಚದ ಮೊನೆಗೆ ಕ್ರೀಮು ತಗುಲಿಸಿ ಎರಡೂ ಕಣ್ಣಲ್ಲಿ ಒಂದೊಂದು ಬಿಳಿ ಚುಕ್ಕೆ ಇಟ್ಟರು. ಅಷ್ಟನ್ನೂ ಅವರು ನಾನು ಎಂದೂ ಕಾಣದ ವೇಗದಲ್ಲಿ ಮಾಡಿದರು. ಅಳತೆ ಹಚ್ಚಿ ನೋಡಲಿಲ್ಲ.

ನಗು ನಿಂತಿತು. ಮೊಲ ಆ ದೊಡ್ಡ ಹುಡುಗಿಯನ್ನೇ ನೋಡುತ್ತಿತ್ತು. ಅವಳು ಸ್ವಲ್ಪ ಆಚೆ ಸರಿದು ನಿಂತಳು. ಅಲ್ಲಿಂದಲೂ ಅದು ಅವಳನ್ನೇ ನೋಡಿತು. "ಯಾರು ಮಾಡಿದ್ರಲೇ?" ಎಂದು ಮೆಲ್ಲಗೆ ಕೇಳಿದಳು. "ನಾವ. ಮನ್ಯಾಗ" ಎಂದಳು ಮಗಳು.

ಚಾಕು ಹಿಡಿದಾಗ ಮಾಸ್ತರರು ಅಲ್ಲಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ರಸ್ತೆಗೆ ಮುಖ ಮಾಡಿ ಕುಳಿತಿದ್ದರು. ಮಕ್ಕಳ ಹಾಡು ಮುಗಿದ ಮೇಲೆ ನಾನು ಬಾಳೆಹಣ್ಣು, ಹಾಲು ತೆಗೆದುಕೊಂಡು ಹೋದೆ. ಹೊತ್ತು ಇನ್ನೂ ಮುಳುಗಿರಲಿಲ್ಲ. ಅವರು ಬೇಡವೆಂದರು.

"ಆತೇನ್ರಿ?"

"ಆತ್ರಿ."

"ಎಲ್ಲಿಂದ ಕೊಯ್ದಳ್ರಿ?"

"ಹುಲ್ಲಿಂದ ಶುರು ಮಾಡಿದ್ಳು. ಆಮ್ಯಾಲ ಎಲ್ಲಾ ಆತು."

ಅವರು ಹೂಂ ಅಂದು ಎದ್ದು ಹೋದರು. ಅವರ ಉಪಕಾರ ನೆನೆಯಬೇಕಾದ ಹೊತ್ತಿನಲ್ಲೂ ನಾನು ಒಳಗೆ ಬಂದು, ಈ ಮನುಷ್ಯನ ಮುಖಕ್ಕೆ ಏನಾಗಿದೆ, ಒಂದು ಹಣ್ಣು ತಿಂದಿದ್ದರೆ ಏನು ಹೋಗುತ್ತಿತ್ತು ಎಂದು ಅತ್ತೆಯ ಮುಂದೆ ಗೊಣಗಿದೆ. ಮರುದಿನ ಸಂಜೆ ಮಗಳು ಗೇಟಿನ ಹೊರಗೆ ಓಣಿಯ ಮಕ್ಕಳ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದಳು.

ಇದಾಗಿ ಆರೇಳು ವರ್ಷ. ಮಾಸ್ತರರ ಸಾವಿನ ಸುದ್ದಿ ಕೇಳಿದ ವಾರ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ಅವರ ಹೆಂಡತಿ ಒಬ್ಬರೇ ಪಡಸಾಲೆಯಲ್ಲಿ ಕುಳಿತಿದ್ದರು. "ಬರ್ರಿ ಟೀಚರ, ಕುಂದರ್ರಿ" ಎಂದು ಚಾಪೆ ಸರಿಸಿದರು. ಆ ಮಾತು ಈ ಮಾತು ಆಡಿದ ಮೇಲೆ ಅವರು ಕೇಳಿದರು.

"ನೀವು ಅವರ ಕೂಡ ಇಷ್ಟ ವರ್ಷ ಕೆಲಸಾ ಮಾಡೀರಿ. ನಿಮಗೊಂದು ಕೇಳಲೇನ್ರಿ? ಆರೇಳು ವರ್ಷದಿಂದ ವರ್ಷಾ ಡಿಸೆಂಬರದಾಗ ಒಂದು ಉಪವಾಸ ಮಾಡತಿದ್ರು. ನೀರೂ ಕುಡೀತಿದ್ದಿಲ್ಲ. ನಮ್ಮ ಪರ್ವಾ ಎಲ್ಲಾ ನನಗ ಗೊತ್ತದಾವ. ಅಷ್ಟಮಿ ಅಲ್ಲ, ಚತುರ್ದಶಿ ಅಲ್ಲ. ಬಸದಿಯೊಳಗ ಪಂಡಿತರನ್ನ ಕೇಳಿದೆ, ಅವರಿಗೂ ತಿಳೀಲಿಲ್ಲ. ತಿಥಿ ಹಿಡದು ಮಾಡಿದ್ರ ಪಂಚಾಂಗದಾಗ ಸಿಗತಿತ್ತು. ಇದು ಇಂಗ್ಲಿಷ್ ತಾರೀಖು ರೀ! ಇಂಗ್ಲಿಷ್ ತಾರೀಖಿನ ವ್ರತಾ ಎಲ್ಲ್ಯಾರ ಕೇಳೀರೇನು?"

"ಯಾವ ತಾರೀಖ್ರಿ ವೈನಿ?"

ಅವರು ಹೇಳಿದ ತಾರೀಖು ನನ್ನ ಮಗಳು ಹುಟ್ಟಿದ ತಾರೀಖು. ವರ್ಷ ವರ್ಷ ಆ ದಿನ ನಾನು ಸ್ಟಾಫ್ ರೂಮಿನಲ್ಲಿ ಪೇಡೆ ಹಂಚುತ್ತಿದ್ದೆ. ಮಾಸ್ತರರು ತಮ್ಮ ಪಾಲನ್ನು ಕಾಗದದಲ್ಲಿ ಸುತ್ತಿ ಕಿಸೆಯಲ್ಲಿ ಇಟ್ಟುಕೊಂಡು "ಕೂಸು ಹೆಂಗೈತ್ರಿ?" ಎಂದು ಕೇಳುತ್ತಿದ್ದರು. ಮನೆಗೆ ಒಯ್ಯುತ್ತಾರೆ ಎಂದುಕೊಂಡಿದ್ದೆ.

ನಾನು ವೈನಿಗೆ ಎಲ್ಲವನ್ನೂ ಹೇಳಿದೆ. ಭಟ್ಟಿ, ಚಿಮಟ, ಕೊಬ್ಬರಿ, ಸೊಟ್ಟ ಕಣ್ಣು, ಚಾಕು. ಹೇಳುವಾಗ ನನ್ನ ದನಿ ಏರಿತು. ಸಾವಿನ ಮನೆಯಲ್ಲಿ ಹಾಗೆ ಮಾತಾಡಬಾರದು. ಆದರೂ ಹೇಳಿಬಿಟ್ಟೆ: "ಒಂದು ಮಾತು ನನಗ ಹೇಳಬಹುದಿತ್ತಲ್ರೀ ವೈನಿ! ಎರಡು ಒಣದ್ರಾಕ್ಷಿ ಸಲುವಾಗಿ ಇಷ್ಟು ವರ್ಷ?"

ವೈನಿ ನನ್ನ ಹತ್ತಿರಕ್ಕೆ ಸರಿದು ಕುಳಿತರು.

"ಗಂಡಾ ಉಪವಾಸ ಇದ್ದಾಗ ನಾ ಹೆಂಗ ಉಣ್ಣಲಿ ಅಂತ ನಾನೂ ಮಾಡತಿದ್ದೆ ರೀ" ಎಂದರು. "ಮರುದಿನ ಕಿಸೇದಿಂದ ಒಂದು ಪೇಡೆ ತಗದು ಕೊಡತಿದ್ರು. ಇಬ್ಬರೂ ಅರ್ಧರ್ಧ ತಿಂದು ಪಾರಣಿ ಮಾಡತಿದ್ದಿವಿ. ಯಾವುದೋ ದೊಡ್ಡ ವ್ರತಾ ಅಂತ ತಿಳಕೊಂಡಿದ್ದೆ. ಹಂಗಾರ ನಾನೂ ಇಷ್ಟ ವರ್ಷ ನಿಮ್ಮ ಮನಿ ಮೊಲದ ಸಲುವಾಗಿ ಹಸಕೊಂಡಿದ್ದೆನೇನ್ರಿ?"

ನಗಬೇಕೋ ಅಳಬೇಕೋ ಇಬ್ಬರಿಗೂ ತಿಳಿಯಲಿಲ್ಲ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಸಿಟ್ಟಿನಿಂದಲೇ ಕೇಳಿದರು: "ಕಣ್ಣರೆ ಛಲೋ ಬಂದಿದ್ದುವೇನ್ರಿ?"

"ಭಾಳ ಛಲೋ ಬಂದಿದ್ದುವ್ರಿ" ಎಂದೆ.